ಕರಿಗಲ್ಲ ಬಯಲಿನ ಓದು: ಮೂರನೇ ತಿಂಗಳು

ಕಳೆದ ಸಲ ಬರೆದಾಗ ಓದಿದ್ದು 9 ಶಾಸನ. ಈಗ 41. ಅದರಲ್ಲಿ ಆರನ್ನು ತಪ್ಪಾಗಿ ಓದಿ, ಅಳಿಸಿ, ಮತ್ತೆ ಬರೆದಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಹಿನ್ನೆಲೆ. ಸಿರಿಯಾದ ದಕ್ಷಿಣ, ಜೋರ್ಡಾನಿನ ಈಶಾನ್ಯ, ಸೌದಿಯ ಉತ್ತರದ ಅಂಚು ಕೂಡುವಲ್ಲಿ ಕಪ್ಪು ಬಸಾಲ್ಟ್ ಕಲ್ಲು ಹಾಸಿದ ದೊಡ್ಡ ಬಯಲಿದೆ. ಅರಬರು ಇಂಥ ನೆಲಕ್ಕೆ ಹರ್ರಾ ಎನ್ನುತ್ತಾರೆ. ಸುಮಾರು ಕ್ರಿ.ಪೂ. 1ನೇ ಶತಮಾನದಿಂದ ಕ್ರಿ.ಶ. 4ನೇ ಶತಮಾನದವರೆಗೆ ಅಲ್ಲಿ ಒಂಟೆ, ಕುರಿ ಮೇಯಿಸಿಕೊಂಡು ಅಲೆದವರು ಕಲ್ಲ ಮೇಲೆ ಗೀಚಿದ ಬರಹಗಳು 30,000ಕ್ಕೂ ಹೆಚ್ಚು ಸಿಕ್ಕಿವೆ. ಲಿಪಿಯ ಹೆಸರು ಸಫಾಯಿಟಿಕ್. ಒಸಿಯಾನ ಎಂಬ ಡೇಟಾಬೇಸಿನಲ್ಲಿ ಪುಕ್ಕಟೆ ನೋಡಬಹುದು. ಅದನ್ನು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವುದೇ ನನ್ನ ಭಾನುವಾರದ ಹುಚ್ಚು.

ಹುಚ್ಚು ಹಿಡಿಸಿದವನು ಇಬ್ನ್ ಅಲ್-ಕಲ್ಬಿ. ಇರಾಕಿನ ಕೂಫಾ ಊರಿನ ಈ ವಿದ್ವಾಂಸ ತೀರಿಕೊಂಡದ್ದು 9ನೇ ಶತಮಾನದ ಆರಂಭದಲ್ಲಿ. ಇಸ್ಲಾಮಿಗೆ ಮೊದಲಿನ ಅರಬರ ದೇವರುಗಳ ಬಗ್ಗೆ ಅವನ ‘ಕಿತಾಬ್ ಅಲ್-ಅಸ್ನಾಮ್’ ಇದೆ. ಅದರ ಪ್ರಕಾರ ಲಾತ್ ಎಂಬ ದೇವಿ ತಾಯಿಫ್ ಊರಿನಲ್ಲಿ ಒಂದು ಚೌಕ ಬಂಡೆ, ಉಝ್ಝಾ ದೇವಿ ನಖ್ಲಾದಲ್ಲಿ, ಮನಾತ್ ದೇವಿ ಕುದೈದಿನಲ್ಲಿ. ಪ್ರಯಾಣದಲ್ಲಿ ಬೀಡುಬಿಟ್ಟವನು ನಾಲ್ಕು ಕಲ್ಲು ಆರಿಸಿ, ಚೆಂದದ್ದನ್ನು ದೇವರು ಮಾಡಿ, ಉಳಿದ ಮೂರನ್ನು ಒಲೆಗುಂಡು ಮಾಡುತ್ತಿದ್ದನಂತೆ! ಓದಲು ರುಚಿಯಾಗಿದೆ. ಆದರೆ ಇದು ಆ ದೇವರುಗಳೆಲ್ಲ ಹೋದ ಮೇಲೆ, ಅವರನ್ನು ನಂಬದವನು ಬರೆದದ್ದು. ನಂಬಿದವರೇ ಬರೆದದ್ದು ಬೇಕಿತ್ತು. ಅದಕ್ಕೇ ಕಲ್ಲಿಗೆ ಬಂದೆ.

ಈ ತಿಂಗಳ ದೊಡ್ಡ ತಲೆನೋವು ‘ಲ್’ ಮತ್ತು ‘ನ್’. ಎರಡೂ ಬರೀ ಗೆರೆ. ಲ್ ಉದ್ದ, ನ್ ಗಿಡ್ಡ. ಬರೆದವನ ಕೈ ಅವಸರದ್ದಾದರೆ ಎರಡೂ ಒಂದೇ. ಸಾಲು ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ, ಕಲ್ಲು ಸಾಲದಿದ್ದರೆ ಅಂಚಿಗೆ ಸುತ್ತಿಕೊಳ್ಳುತ್ತದೆ. ಪದಗಳ ನಡುವೆ ಜಾಗವಿಲ್ಲ, ಸ್ವರಗಳಿಲ್ಲ. ನಮ್ಮ ಲಿಪಿಯಲ್ಲೋ ವ್ಯಂಜನ ಬರೆದರೆ ‘ಅ’ ತಾನಾಗಿಯೇ ಅಂಟಿಕೊಂಡು ಬರುತ್ತದೆ. ಹಾಗಾಗಿ ನನ್ನ ಪುಸ್ತಕದಲ್ಲಿ ಎಲ್ಲ ಅಕ್ಷರಕ್ಕೂ ಅರ್ಧಾಕ್ಷರದ ಕೊಕ್ಕೆ: ಫ್ ಹ್ ಲ್ ತ್ ಸ್ ಲ್ ಮ್. ‘ಹಾಗಾದರೆ, ಓ ಲಾತ್, ಕ್ಷೇಮ ಕೊಡು’ ಎಂದರ್ಥ. ಗಂಟಲಿನಿಂದ ಹೊರಡುವ ‘ಅಯ್ನ್’ ಎಂಬ ವ್ಯಂಜನಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಅರಬ್ ಹುಡುಗರು ಚಾಟಿನಲ್ಲಿ ಮಾಡುವಂತೆ 3 ಎಂದು ಬರೆದುಕೊಳ್ಳುತ್ತಿದ್ದೇನೆ. ನೋಡಲು ಅಸಹ್ಯ, ಕೆಲಸ ನಡೆಯುತ್ತದೆ.

ನನ್ನ ಪುಸ್ತಕದ ದೇವರ ಕಾಲಂ ತುಂಬುತ್ತಿದೆ. ಲಾತ್ ಎಲ್ಲರಿಗಿಂತ ಮುಂದೆ. ಆಮೇಲೆ ರುದಾ, ಮಳೆಯ ಬಾಲಶಮೀನ್, ಜೋರ್ಡಾನಿನ ಪೆಟ್ರಾದಲ್ಲಿ ರಾಜ್ಯ ಕಟ್ಟಿದ್ದ ನಬತಿಯರ ದೇವರು ದುಶರಾ. ಪಕ್ಕದ ಕಾಲಂ ‘ಏನು ಕೇಳಿದರು?’ ಕ್ಷೇಮ, ಕೊಳ್ಳೆ, ಹಗೆಯವನ ಮೇಲೆ ಸೇಡು. ಪರಲೋಕದ ಚಿಂತೆ ನಾನು ಓದಿದ ಒಂದರಲ್ಲೂ ಇಲ್ಲ. ಬರಹವನ್ನು ಅಳಿಸಿದವನು ಕುರುಡಾಗಲಿ ಎಂಬ ಶಾಪ ಮಾತ್ರ ಮತ್ತೆ ಮತ್ತೆ ಬರುತ್ತದೆ. ನಮ್ಮ ದಾನಶಾಸನಗಳ ‘ಸ್ವದತ್ತಾಂ ಪರದತ್ತಾಂ ವಾ’ ನೆನಪಾಗಿ ನಗು ಬಂತು. ಅಲ್ಲಿ ಭೂಮಿ ಕಿತ್ತುಕೊಂಡವನು 60,000 ವರ್ಷ ಅಮೇಧ್ಯದ ಹುಳು. ಇವರದು ಎಷ್ಟೋ ಮೃದು.

ಇನ್ನೊಂದು ಎಣಿಕೆ ವಂಶಾವಳಿಯದು. ‘ಇಂಥವನ, ಇಂಥವನ ಮಗನ’ ಎಂದು ಶುರುವಾಗಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏರುತ್ತದೆ. ಒಂದರಲ್ಲಿ ಎಂಟು ತಲೆಮಾರು ಎಣಿಸಿ ಸುಸ್ತಾದೆ. ರಾಜ, ಪೊಲೀಸು, ಕೋರ್ಟು ಇಲ್ಲದ ಬಯಲಿನಲ್ಲಿ ನಿನ್ನ ಕೊಲೆಗೆ ಸೇಡು ತೀರಿಸುವವರು ಕುಲದವರೇ. ಹಾಗಿರುವಾಗ ಹೆಸರ ಸರಣಿ ಚಟವಲ್ಲ, ರಕ್ಷಣೆ. ವರ್ಷಗಳನ್ನೂ ಅಂಕಿಯಲ್ಲಿ ಹೇಳುವುದು ಕಡಿಮೆ, ‘ನಬತಿಯರ ಯುದ್ಧದ ವರ್ಷ’ ಎಂದರೆ ಮುಗಿಯಿತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಅಲೆಮಾರಿಗಳೆಂದರೆ ಅಕ್ಷರ ಬಾರದವರು ಎಂದೇ ನಾನು ಎಣಿಸಿದ್ದೆ. ಇವರಿಗೆ ಕಾಗದವಿಲ್ಲ, ಮಾರುಕಟ್ಟೆಯ ಲೆಕ್ಕವಿಲ್ಲ, ಆದರೂ ಕುರಿ ಕಾಯುತ್ತ ಹೊತ್ತು ಹೋಗದೆ ಕಲ್ಲಿನಿಂದ ಕಲ್ಲು ಕುಟ್ಟಿ ಬರೆದರು. ಪಕ್ಕದಲ್ಲಿ ಒಂಟೆಯ ಚಿತ್ರ, ‘ಈ ಒಂಟೆ ಇಂಥವನದು’ ಎಂಬ ಸಹಿ.

ನಿನ್ನೆ ರಾತ್ರಿ ಹಿಡಿದ ಕಲ್ಲು ಇನ್ನೂ ಮುಗಿದಿಲ್ಲ. ತೀರಿಹೋದ ತನ್ನವನೊಬ್ಬನ ಬರಹ ಕಣ್ಣಿಗೆ ಬಿದ್ದು ದುಃಖಪಟ್ಟೆ ಎನ್ನುವ ಜಾತಿಯದು. ಈ ಧಾಟಿಯವು ಬೇಕಾದಷ್ಟಿವೆ. 6ನೇ ಶತಮಾನದ ಅರಬ್ ಕವಿ ಇಮ್ರುಲ್ ಕೈಸ್ ಬಿಟ್ಟುಹೋದ ಬೀಡಿನ ಗುರುತಿನೆದುರು ‘ನಿಲ್ಲಿ, ಅಳೋಣ’ ಎಂದು ಗೆಳೆಯರನ್ನು ತಡೆಯುತ್ತಾನಲ್ಲ, ಅದಕ್ಕೂ ಎಷ್ಟೋ ತಲೆಮಾರು ಮೊದಲು ಯಾರೋ ಕುರುಬ ಅದನ್ನೇ ನಾಲ್ಕು ಪದದಲ್ಲಿ ಮುಗಿಸಿದ್ದಾನೆ. ನಿನ್ನೆಯ ಕಲ್ಲಿನಲ್ಲಿ ಸತ್ತವನ ಹೆಸರಿನ ಮೂರನೇ ಅಕ್ಷರ ಲ್ ಆಗಿರಬಹುದು, ನ್ ಆಗಿರಬಹುದು. ಫೋಟೊ ದೊಡ್ಡದು ಮಾಡಿ ನೋಡಿದೆ, ಅಲ್ಲೇ ಕಲ್ಲು ಚಕ್ಕೆ ಎದ್ದಿದೆ. ಸದ್ಯಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಇಟ್ಟಿದ್ದೇನೆ.