ಸಭೆಯಲ್ಲಿ ಮೊದಲ ಮಾತು

ಮಂಡ್ಯ ಕಡೆಯ ಕಬ್ಬು ಬೆಳೆಗಾರರಿಗೆ ಹನಿ ನೀರಾವರಿ ಬಗ್ಗೆ ತಿಳಿಸಿ ಹೇಳುವುದು ನನ್ನ ಕೆಲಸ. ಊರ ಪಕ್ಕದಲ್ಲೇ ವಿಶ್ವೇಶ್ವರಯ್ಯ ನಾಲೆ ಹರಿಯುತ್ತಿರುವಾಗ 'ನೀರು ಅಮೂಲ್ಯ, ಉಳಿಸಿ' ಎಂದು ಶುರು ಮಾಡಿದರೆ ಯಾರು ಕೇಳುತ್ತಾರೆ? ಹಿಂದೆ ಕೂತವರು ಬೀಡಿ ಸೇದಲು ಎದ್ದು ಹೋಗುತ್ತಾರೆ. ತಪ್ಪು ಅವರದಲ್ಲ.

ಅದಕ್ಕೇ ನಾನು ನಮಸ್ಕಾರ ಹೇಳಿದ ಕೂಡಲೇ ಒಂದು ಪ್ರಶ್ನೆ ಕೇಳುತ್ತೇನೆ. "ಒಂದು ಎಕರೆ ಗದ್ದೇಲಿ ಒಂದೇ ಒಂದು ಇಂಚು ನೀರು ನಿಲ್ಲಿಸಿದ್ರೆ ಎಷ್ಟು ಲೀಟರ್ ಆಗುತ್ತೆ?"

ಕೇಳಿ ಸುಮ್ನೆ ನಿಲ್ಲಬೇಕು. ಇದೇ ಕಷ್ಟದ ಭಾಗ. ನಾವೇ ಉತ್ತರ ಹೇಳಿಬಿಡೋಣ ಅನ್ನಿಸುತ್ತದೆ, ಹೇಳಬಾರದು. ಯಾರೋ ಐದು ಸಾವಿರ ಅನ್ನುತ್ತಾರೆ. "ಏ, ಹತ್ತು ಸಾವ್ರ ಹಿಡಿಯಣ್ಣ" ಅಂತ ಪಕ್ಕದವರು. ಹೆಣ್ಣುಮಕ್ಕಳು ಕೂತ ಕಡೆಯಿಂದಲೂ ಒಂದು ಉತ್ತರ ಬರುವವರೆಗೆ ಕಾಯುತ್ತೇನೆ. ಆಮೇಲೆ ಲೆಕ್ಕ: ಎಕರೆ ಅಂದರೆ ಸುಮಾರು 4,047 ಚದರ ಮೀಟರ್, ಇಂಚು ಅಂದರೆ 2.54 ಸೆಂಟಿಮೀಟರ್. ಗುಣಿಸಿದರೆ 1 ಲಕ್ಷದ 2 ಸಾವಿರ ಲೀಟರ್ ದಾಟುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಇಪ್ಪತ್ತೊಂದು ಬೇಕು.

ಹುಟ್ಟಿದಾಗಿನಿಂದ ಗದ್ದೆ ಕಂಡವರು ಅವರು. ತಮಗೆ ಗೊತ್ತಿರುವ ವಿಷಯ ಅಂದುಕೊಂಡೇ ಊರವರ ಎದುರು ಒಂದು ಅಂಕಿ ಹೇಳಿರುತ್ತಾರೆ. ಅದು ಸರಿ ಉತ್ತರದಿಂದ ಇಷ್ಟು ದೂರ ಹೋದಾಗ, ಮುಂದೇನು ಅಂತ ಕೇಳದೆ ಎದ್ದು ಹೋಗುವುದಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು "ಇವತ್ತು ಕಟ್ಟೆ ಎಷ್ಟಿದೆ?" ಎಂದು ಶುರು ಮಾಡುತ್ತಿದ್ದರು. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಸಭೆ ಒಂದೇ ಏಟಿಗೆ ಎದ್ದು ಕೂರುತ್ತದೆ ನಿಜ. ಆದರೆ ಮಾತು ತಮಿಳುನಾಡು, ಕೋರ್ಟು, ಮಂತ್ರಿಗಳ ಕಡೆ ಹೋಗುತ್ತದೆ. ಅಲ್ಲಿಂದ ಡ್ರಿಪ್ ಪೈಪಿಗೆ ಎಳೆದು ತರುವುದು ನನ್ನ ಕೈಲಂತೂ ಆಗಲ್ಲ. ಒಂದು ಇಂಚಿನ ಪ್ರಶ್ನೆಯಲ್ಲಿ ಆ ತಾಪತ್ರಯ ಇಲ್ಲ. "ಇದರಲ್ಲಿ ಕಬ್ಬಿನ ಬೇರಿಗೆ ಎಷ್ಟು ಸಿಕ್ತು, ಸಾಲಿನ ನಡುವೆ ಎಷ್ಟು ಹೋಯ್ತು?" ಅಂದರೆ ವಿಷಯಕ್ಕೇ ಬಂದ ಹಾಗೆ.

ಸ್ವಾಗತ, ಹಾರ, ವೇದಿಕೆ ಮೇಲಿನವರ ಹೆಸರು ಇವನ್ನೆಲ್ಲ ಡೇರಿ ಕಾರ್ಯದರ್ಶಿಗೇ ಬಿಡುತ್ತೇನೆ. ಊರಲ್ಲಿ ಹಿರಿಯರ ಹೆಸರು ಬಿಟ್ಟರೆ ಬೇಜಾರಾಗುತ್ತದೆ, ಆದರೆ ಅದನ್ನು ನಾನೂ ಮತ್ತೆ ಓದಬೇಕಿಲ್ಲ ಅಲ್ವಾ? ಮೈಕನ್ನು ಜನ ಬರುವ ಮೊದಲೇ ನೋಡಿಕೊಳ್ಳುತ್ತೇನೆ. ಮೊದಲ ಮೂರು ವಾಕ್ಯ ಬಾಯಿಪಾಠ ಇರುತ್ತದೆ, ಉಳಿದದ್ದು ಇರುವುದಿಲ್ಲ. ಜೋಕು ಹೇಳಿ ಶುರು ಮಾಡುವುದು ನನಗೆ ಒಗ್ಗಲ್ಲ.

ಮೈಸೂರಿನಲ್ಲಿ ಅಧಿಕಾರಿಗಳ ತರಬೇತಿಯಾದರೆ ಈ ಪ್ರಶ್ನೆ ನಡೆಯುವುದಿಲ್ಲ. ಮೊಬೈಲ್ ತೆಗೆದು ಲೆಕ್ಕ ಹಾಕಿಬಿಡುತ್ತಾರೆ. ಅಲ್ಲಿಗೆ ಗಡಸು ನೀರಿನ ಬೋರ್‌ವೆಲ್ ಇರುವ ತೋಟದಿಂದ ಒಂದು ಡ್ರಿಪ್ ಪೈಪಿನ ತುಂಡು ತೆಗೆದುಕೊಂಡು ಹೋಗುತ್ತೇನೆ. ಬಿಳಿ ಉಪ್ಪು ಕಟ್ಟಿ ತೂತು ಮುಚ್ಚಿಹೋಗಿರುತ್ತದೆ. ಪ್ರೊಜೆಕ್ಟರ್ ಹಾಕುವ ಮೊದಲೇ ಅದನ್ನು ಮುಂದಿನ ಸಾಲಿಗೆ ಕೊಟ್ಟು, "ಸಬ್ಸಿಡಿಯಲ್ಲಿ ಹಾಕಿಸಿದ ಪೈಪನ್ನು ರೈತ ಯಾಕೆ ಸುತ್ತಿ ಪಂಪ್‌ಹೌಸ್ ಮೂಲೆಗೆ ಹಾಕ್ತಾನೆ?" ಎಂದು ಕೇಳುತ್ತೇನೆ. ತುಂಡು ಎರಡನೇ ಸಾಲಿಗೆ ಹೋಗುವಷ್ಟರಲ್ಲಿ "ಇದಕ್ಕೆ ಆ್ಯಸಿಡ್ ಬಿಟ್ಟು ತೊಳೆದಿರಲಿಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನನ್ನ ಮೊದಲ ಸ್ಲೈಡ್ ಅದರ ಬಗ್ಗೆಯೇ.