ಮಾಸ್ಕ್ ಮೊದಲು ಬೇಕಾದದ್ದು ಕೆಮ್ಮುವ ಬಾಯಿಗೆ

ಮಾಸ್ಕ್ ಹಾಕಿಕೊಂಡವರನ್ನು ಕಂಡರೆ "ಅಷ್ಟೊಂದು ಭಯವಾ?" ಎಂದು ಕೇಳುವವರು ಈಗಲೂ ಇದ್ದಾರೆ. ಆ ಪ್ರಶ್ನೆಯೇ ತಲೆಕೆಳಗಾಗಿದೆ. ನೆಗಡಿ, ಕೆಮ್ಮು, ಜ್ವರ ಇರುವವರು ಮಾಸ್ಕ್ ಹಾಕುವುದು ಪಕ್ಕದಲ್ಲಿ ಕೂತವರ ಸಲುವಾಗಿ. ಸಾಧಾರಣ ಮಾಸ್ಕ್ ಹೆಚ್ಚು ಕೆಲಸಕ್ಕೆ ಬರುವುದೂ ಅಲ್ಲಿಯೇ, ಸೋಂಕು ಹೊರಬೀಳುವ ಬಾಯಿಯ ಮೇಲೆ.

ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಚಿಮ್ಮುವ ಹನಿಗಳು ಬಾಯಿ ಬಿಟ್ಟ ಕ್ಷಣದಲ್ಲಿ ಹಸಿಯಾಗಿ, ದಪ್ಪವಾಗಿ ಇರುತ್ತವೆ. ಅಲ್ಲೇ ಒಂದು ಪದರ ಅಡ್ಡ ಇದ್ದರೆ ಅದಕ್ಕೆ ಬಡಿದು ಅಂಟಿಕೊಳ್ಳುತ್ತವೆ. ಗಾಳಿಗೆ ಬಿಟ್ಟರೆ ನೀರಿನಂಶ ಆರಿ, ಸಣ್ಣವು ಇನ್ನೂ ಸಣ್ಣವಾಗಿ, ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ದಡಾರ ಇರುವವರು ಕೋಣೆ ಬಿಟ್ಟು ಹೋದ ಮೇಲೂ ಸುಮಾರು 2 ಗಂಟೆಯವರೆಗೆ ಅಲ್ಲಿನ ಗಾಳಿಯಿಂದ ಸೋಂಕು ತಗಲಬಹುದು. ಒಮ್ಮೆ ಹೀಗೆ ಹರಡಿದ್ದನ್ನು ತಡೆಯಲು ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಬಿಗಿಯಾದ, ಉತ್ತಮ ದರ್ಜೆಯ ಮಾಸ್ಕ್ ಬೇಕಾಗುತ್ತದೆ. ಕ್ಷಯರೋಗದ ಆರೈಕೆಯಲ್ಲಿ ಇದೇ ಲೆಕ್ಕ: ರೋಗಿಗೆ ಸರ್ಜಿಕಲ್ ಮಾಸ್ಕ್, ಆರೈಕೆ ಮಾಡುವವರಿಗೆ ಎನ್95.

"ವೈರಸ್ 0.1 ಮೈಕ್ರಾನ್, ಮಾಸ್ಕಿನ ತೂತು ಅದಕ್ಕಿಂತ ದೊಡ್ಡದು, ಮತ್ತೇನು ಪ್ರಯೋಜನ?" ಎಂಬ ವಾದವನ್ನು ಓದುಬರಹ ಬಲ್ಲವರೂ ಆಡುತ್ತಾರೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮಾಸ್ಕ್ ಜರಡಿಯಲ್ಲ. ಸರ್ಜಿಕಲ್ ಮಾಸ್ಕಿನಲ್ಲಿ ಮೂರು ಪದರ ಇರುತ್ತವೆ. ನಡುವಿನದು ಕರಗಿಸಿ ಊದಿ ಮಾಡಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳ ಗೋಜಲು. ದೊಡ್ಡ ಕಣಗಳು ಗಾಳಿಯ ಜೊತೆ ತಿರುಗಲಾರದೆ ಎಳೆಗೆ ಹೋಗಿ ಬಡಿಯುತ್ತವೆ. ತೀರ ಸಣ್ಣ ಕಣಗಳು ನೇರ ಸಾಗದೆ ಅತ್ತಿತ್ತ ಓಲಾಡಿ ಎಳೆಗೆ ತಾಕುತ್ತವೆ. ಇವೆರಡರ ನಡುವಿನ, 0.3 ಮೈಕ್ರಾನ್ ಆಸುಪಾಸಿನ ಕಣಗಳನ್ನು ಹಿಡಿಯುವುದೇ ಕಷ್ಟ, ಎನ್95 ಶೇ. 95ರಷ್ಟು ಕಣಗಳನ್ನು ಹಿಡಿಯುತ್ತದೆಯೇ ಎಂಬ ಪರೀಕ್ಷೆ ನಡೆಯುವುದೂ ಆ ಗಾತ್ರದಲ್ಲೇ. ಜೊತೆಗೆ ಎಳೆಗಳಲ್ಲಿ ತುಂಬಿಟ್ಟ ಸ್ಥಿರ ವಿದ್ಯುತ್ತು ಕಣಗಳನ್ನು ಸೆಳೆದುಕೊಳ್ಳುತ್ತದೆ. ಸರ್ಜಿಕಲ್ ಮಾಸ್ಕನ್ನಾಗಲಿ ಎನ್95 ಅನ್ನಾಗಲಿ ಸೋಪಿನಲ್ಲಿ ಒಗೆಯಬಾರದು, ಸ್ಯಾನಿಟೈಸರ್ ಸಿಂಪಡಿಸಬಾರದು ಎನ್ನುವುದು ಇದಕ್ಕೇ. ಒಗೆದರೆ ನೋಡಲು ಹೊಸದರಂತಿರುತ್ತದೆ, ಆ ವಿದ್ಯುತ್ತು ಹೋಗಿಬಿಟ್ಟಿರುತ್ತದೆ. ಒಗೆದು ಬಳಸಬೇಕೆಂದರೆ ಒತ್ತಾಗಿ ನೇಯ್ದ ಎರಡು ಮೂರು ಪದರದ ಬಟ್ಟೆ ಮಾಸ್ಕ್ ಇದೆ, ದಿನವೂ ಒಗೆಯಿರಿ. ಬೆಳಕಿಗೆ ಹಿಡಿದಾಗ ಆಚೆ ಕಡೆ ಕಂಡರೆ ಆ ಬಟ್ಟೆ ಬೇಡ.

ಎಷ್ಟೇ ಒಳ್ಳೆಯ ಮಾಸ್ಕಾದರೂ ಕೆಡುವುದು ಅಂಚಿನಲ್ಲಿ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಕೆನ್ನೆಯ ಪಕ್ಕ ಸಂದಿ ಇದ್ದರೆ ಬಟ್ಟೆಯ ಮೂಲಕ ಹೋಗುವುದೇಕೆ? ಮೂಗಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ನಡುವೆ ಗೋಪುರದಂತಾಗಿ ಇಕ್ಕೆಲದಲ್ಲಿ ಸಂದಿ ಉಳಿಯುತ್ತದೆ. ಎರಡೂ ಕೈಗಳ ಬೆರಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಿ. ಬಣ್ಣದ ಮೈ ಹೊರಗೆ, ಮಡಿಕೆ ಬಿಡಿಸಿ ಗದ್ದದ ಕೆಳಗಿನವರೆಗೆ. ಸರ್ಜಿಕಲ್ ಮಾಸ್ಕ್ ಅಗಲವಾದರೆ ಉದ್ದಕ್ಕೆ ಮಡಚಿ, ಕಿವಿಯ ಎಲಾಸ್ಟಿಕ್ಕಿಗೆ ಮಾಸ್ಕಿನ ಮೂಲೆಯ ಹತ್ತಿರವೇ ಒಂದೊಂದು ಗಂಟು ಹಾಕಿ. ಬಿಡಿಸಿದಾಗ ಪಕ್ಕದಲ್ಲಿ ಬಾಯ್ದೆರೆಯುವ ಭಾಗವನ್ನು ಒಳಕ್ಕೆ ಮಡಚಿ. ಕೆನ್ನೆಗೆ ಕೂರುವುದರಲ್ಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಎನ್95ರಲ್ಲಿ ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಹಿಂದಕ್ಕೆ. ಎರಡನ್ನೂ ಕತ್ತಿಗೇ ಹಾಕಿಕೊಂಡರೆ ಮೂಗಿನ ಬಳಿ ಸಡಿಲಾಗುತ್ತದೆ. ಹಾಕಿದ ಮೇಲೆ ಎರಡೂ ಅಂಗೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ: ಕಣ್ಣಿಗೆ ಗಾಳಿ ತಾಕಿದರೆ ಮೂಗಿನ ಪಟ್ಟಿ, ಕೆನ್ನೆಯ ಪಕ್ಕ ಸೋರಿದರೆ ತಲೆಯ ಪಟ್ಟಿ ಸರಿಪಡಿಸಬೇಕು. ಗಡ್ಡವಿದ್ದರೆ ಅಂಚು ಚರ್ಮಕ್ಕೆ ಕೂರುವುದೇ ಇಲ್ಲ.

ಉಸಿರು ಹೊರಬಿಡಲು ಕವಾಟ ಇರುವ ಮಾಸ್ಕ್ ಧೂಳಿನ ಕೆಲಸಕ್ಕೆ ಸರಿ. ಕಾಯಿಲೆ ಇರುವವರಿಗೆ ಬೇಡ: ಒಳಬರುವ ಗಾಳಿ ಸೋಸಿ ಬರುತ್ತದೆ, ಹೊರಹೋಗುವ ಉಸಿರು ಸೋಸದೆಯೇ ಕವಾಟದಿಂದ ದಾಟುತ್ತದೆ. ತನ್ನನ್ನು ಮಾತ್ರ ಕಾಯುವ ಮಾಸ್ಕ್ ಅದು.

ಮಾತಾಡಲು, ಕೆಮ್ಮಲು, ಸೀನಲು ಮಾಸ್ಕನ್ನು ಗದ್ದಕ್ಕೆ ಇಳಿಸುವ ಅಭ್ಯಾಸ ನಿಜಕ್ಕೂ ಸಂಕಟ ತರುತ್ತದೆ. ಅದು ಬೇಕಿದ್ದ ಕ್ಷಣದಲ್ಲೇ ತೆಗೆದಂತಾಯಿತು. ಮಾಸ್ಕಿನೊಳಗೇ ಸೀನಿ, ಆಚೆ ಹೋಗಿ ಬದಲಾಯಿಸಿ. ಅದಕ್ಕೆಂದೇ ಇನ್ನೊಂದು ಜೇಬಿನಲ್ಲಿರಲಿ. ಒದ್ದೆಯಾದದ್ದನ್ನು ಮುಂದುವರಿಸಬೇಡಿ.

ತಾತ್ಸಾರ ಹೊಸದಲ್ಲ. 1910–11ರಲ್ಲಿ ಈಶಾನ್ಯ ಚೀನಾದ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗ್ ಹಬ್ಬಿದಾಗ, ಈಗಿನ ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್-ತೆ ರೋಗ ಉಸಿರಿನಿಂದ ಹರಡುತ್ತಿದೆ ಎಂದು ಗುರುತಿಸಿ, ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಮತ್ತು ಹತ್ತಿಯ ಮಾಸ್ಕ್ ಹಾಕಿಸಿದರು. ಅವರ ಮಾತನ್ನು ಒಪ್ಪದ ಫ್ರೆಂಚ್ ವೈದ್ಯ ಮೆನಿ ಮಾಸ್ಕಿಲ್ಲದೆ ರೋಗಿಗಳನ್ನು ಪರೀಕ್ಷಿಸಿ, ಕೆಲವೇ ದಿನಗಳಲ್ಲಿ ಪ್ಲೇಗಿನಿಂದಲೇ ತೀರಿಕೊಂಡರು. ತಿಳಿದವರನ್ನೂ ಹಮ್ಮು ಕುರುಡಾಗಿಸುತ್ತದೆ.

"ನನಗೇನೂ ಆಗಿಲ್ಲವಲ್ಲ" ಎನ್ನುವುದೂ ಪೂರ್ತಿ ನಿಜವಲ್ಲ. ಫ್ಲೂ ಲಕ್ಷಣ ಕಾಣುವ ಸುಮಾರು ಒಂದು ದಿನ ಮೊದಲೇ ಹರಡಲು ತೊಡಗಬಹುದು. ಹಾಗಾಗಿ ಕಿಮೊಥೆರಪಿ ಪಡೆಯುತ್ತಿರುವವರು, ಅಂಗ ಕಸಿ ಆದವರು, ಹಸುಗೂಸು, ವಯಸ್ಸಾದವರು ಇರುವ ಮನೆಗೆ ಹೋಗುವಾಗ ಗಂಟಲು ಸ್ವಲ್ಪ ಕೆರೆದರೂ ಮಾಸ್ಕ್ ಇರಲಿ, ಸಾಧ್ಯವಾದರೆ ಭೇಟಿಯನ್ನೇ ಮುಂದೂಡಿ. ಮನೆಯಲ್ಲೇ ಕಾಯಿಲೆಯವರಿದ್ದರೆ ಊಟಕ್ಕೆ ಮಾಸ್ಕ್ ತೆಗೆಯಲೇಬೇಕಲ್ಲ, ಆ ಹೊತ್ತಿನಲ್ಲಿ ಬೇರೆಯಾಗಿ ಕೂರಿಸಿ ಎದುರುಬದುರು ಕಿಟಕಿ ತೆರೆದಿಡಿ.

2 ವರ್ಷದೊಳಗಿನ ಮಕ್ಕಳಿಗೆ, ಉಸಿರಾಟಕ್ಕೆ ಒದ್ದಾಡುವವರಿಗೆ, ತಾವಾಗಿ ಮಾಸ್ಕ್ ತೆಗೆಯಲಾಗದವರಿಗೆ ಹಾಕಬಾರದು. ಅವರ ಹತ್ತಿರ ಹೋಗುವವರೇ ಹಾಕಿಕೊಳ್ಳಬೇಕು.