ಅಚ್ಚಿನ ಹೃದಯ

ಅಣ್ಣನ ಎರಡು ವರ್ಷದ ಮಗಳು ಅತ್ತರೆ ತುಟಿ ನೀಲಿಯಾಗುತ್ತಿತ್ತು. ‘ಹೃದಯದಲ್ಲಿ ತೂತಿದೆ’ ಎಂಬುದಷ್ಟೇ ಪಾಂಡವಪುರದ ನಮ್ಮ ಮನೆಗೆ ಗೊತ್ತಿದ್ದ ವೈದ್ಯಶಾಸ್ತ್ರ. ತೂತಿದ್ದರೆ ಮುಚ್ಚಬೇಕು, ಇವರು ಯಾಕೆ ಮುಚ್ಚುತ್ತಿಲ್ಲ ಎಂಬುದು ಅವ್ವನ ದೂರು. ಮೈಸೂರಿನ ಡಾಕ್ಟರು ಎರಡು ಸಲ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದ್ದರು. ಅಣ್ಣ ತಲೆಯಾಡಿಸಿ ಬಂದಿದ್ದ. ನಾನೂ ಆಡಿಸಿದ್ದೆ, ಓದಿದವನೆಂಬ ಬಿಂಕ ಬೇರೆ.

ಮೂರನೆಯ ಸಲ ಹೋದಾಗ ಮೇಜಿನ ಮೇಲೆ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ, ರಬ್ಬರಿನಂಥ ಕೆಂಪು ವಸ್ತುವೊಂದಿತ್ತು. “ನಿಮ್ಮ ಮಗಳದ್ದೇ. ಸಿ.ಟಿ. ಸ್ಕ್ಯಾನ್ ನೋಡಿ ಅಚ್ಚು ಹಾಕಿಸಿದ್ದು” ಎಂದರು.

ಅಚ್ಚು ಎಂದದ್ದೇ ತಡ, ಅಣ್ಣ ಕುರ್ಚಿ ಮುಂದಕ್ಕೆಳೆದ. ಆಲೆಮನೆಯವನಿಗೆ ಅಚ್ಚಿನ ವಿಷಯ ಹೇಳಿಕೊಡಬೇಕೆ! “ನಾವು ಅಚ್ಚಿಗೆ ಪಾಕ ಹುಯ್ದರೆ ಬೆಲ್ಲ ಗಟ್ಟಿಯಾಗಿ ಬರುತ್ತದೆ ಮೇಡಂ. ಇದರೊಳಗೆ ಟೊಳ್ಳು ಹೇಗೆ ಬಂತು?”

ಡಾಕ್ಟರಿಗೆ ಪ್ರಶ್ನೆ ಹಿಡಿಸಿತು. ಇದಕ್ಕೆ ಅಚ್ಚಿನ ಮಣೆಯೇ ಇಲ್ಲ, ರಕ್ತನಾಳಕ್ಕೆ ಬಣ್ಣದ ಔಷಧಿ ಬಿಟ್ಟು ತೆಗೆದ ನೂರಾರು ಸೀಳುಚಿತ್ರಗಳಿಂದ ಕಂಪ್ಯೂಟರಿನಲ್ಲಿ ಹೃದಯದ ಆಕಾರ ಬಿಡಿಸುತ್ತಾರೆ, ಯಂತ್ರ ಅದನ್ನು ಗೋಡೆ ಕಟ್ಟಿದಂತೆ ಪದರದ ಮೇಲೆ ಪದರವಾಗಿ ಗಂಟೆಗಟ್ಟಲೆ ಎಬ್ಬಿಸುತ್ತದೆ ಎಂದರು. ಇದು ಮಿಡಿಯುವುದಿಲ್ಲ, ತೆಳ್ಳನೆಯ ಕವಾಟಗಳೂ ಇದರಲ್ಲಿ ಸರಿಯಾಗಿ ಮೂಡುವುದಿಲ್ಲ, ಅದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಬೇಕೇ ಬೇಕು ಎಂದೂ ಸೇರಿಸಿದರು. ಆಮೇಲೆ ಮೊದಲೇ ಕೊಯ್ದಿಟ್ಟಿದ್ದ ಮಗ್ಗುಲನ್ನು ಬಾಗಿಲಿನಂತೆ ತೆರೆದು ಅಣ್ಣನ ಕೈಗೆ ಕೊಟ್ಟರು.

ಅಣ್ಣ ಜೇಬಿನ ಪೆನ್ನಿನಿಂದ ರೀಫಿಲ್ ತೆಗೆದು ಎಡಗಡೆಯ ಕೆಳಕೋಣೆಗೆ ತೂರಿಸಿದ. ರಕ್ತ ಒಳಬರುವ ಬಾಯಿ ಬಿಟ್ಟರೆ ಮೇಲೆ ದಾರಿಯಿಲ್ಲ. ತಿರುಗಿಸಿದ, ಪಕ್ಕಕ್ಕೂ ಇಲ್ಲ. ಕೊನೆಗೆ ರೀಫಿಲ್ ಹೊರಬಂದದ್ದು ನಡುಗೋಡೆಯ ಆ ತೂತಿನಿಂದಲೇ, ಬಲಕೋಣೆಗೆ. ಮೈಗೆ ಹೋಗುವ ಮಹಾಪಧಮನಿ, ಶ್ವಾಸಕೋಶಕ್ಕೆ ಹೋಗುವ ಕೊಳವೆ ಎರಡೂ ಅಲ್ಲಿಂದಲೇ ಹೊರಟಿದ್ದವು. ಅಣ್ಣ ತುಂಬ ಹೊತ್ತು ಸುಮ್ಮನಿದ್ದ.

“ಇದನ್ನು ಮುಚ್ಚಿಬಿಟ್ಟರೆ ಎಡಗಡೆಯ ರಕ್ತಕ್ಕೆ ದಾರಿಯೆಲ್ಲಿ?”

“ಅದಕ್ಕೇ ಮುಚ್ಚುವುದಿಲ್ಲ” ಎಂದರು ಡಾಕ್ಟರು. ತೂತಿನಿಂದ ಮಹಾಪಧಮನಿಯ ಬಾಯಿಯವರೆಗೆ ಒಳಗೇ ಒಂದು ಸುರಂಗ ಹೊಲಿಯಬೇಕು, ಕಿರಿದಾಗಿರುವ ಶ್ವಾಸಕೋಶದ ದಾರಿಯನ್ನು ಅಗಲ ಮಾಡಬೇಕು. ಸುರಂಗಕ್ಕೆ ಜಾಗ ಸಾಲುತ್ತದೆಯೇ ಎಂಬ ಅನುಮಾನ ಅವರಿಗೂ ಇತ್ತಂತೆ. ಈ ಮಾದರಿಯೊಳಗೆ ಬಟ್ಟೆಯ ಚೂರಿಟ್ಟು ಅಳೆದ ಮೇಲೆಯೇ ಒಪ್ಪಿದ್ದರು.

ಮೂರು ವಾರದ ನಂತರ ಶಸ್ತ್ರಚಿಕಿತ್ಸೆಯಾಯಿತು. ಹುಡುಗಿ ಈಗ ಅಂಗನವಾಡಿಯಲ್ಲಿ ಎಲ್ಲರನ್ನೂ ಹೊಡೆದು ಬರುತ್ತಾಳೆ.

ಆ ಅಚ್ಚು ನೋಡಿ ಬಂದ ದಿನ ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಮತ್ತೆ ಕೇಳಿದಳು, “ತೂತು ಯಾವಾಗ ಮುಚ್ಚುತ್ತಾರಂತೆ?” ಅಣ್ಣ ಮುದ್ದೆಯನ್ನು ಎತ್ತಿ ಎರಡು ಕಡೆಯಿಂದ ಬೆರಳು ತೂರಿಸಿ, ಒಂದು ಬಾಯಿಗೆ ಸಾರು ಬಿಟ್ಟು, ಇನ್ನೊಂದರಿಂದ ತಟ್ಟೆಗೆ ಇಳಿಯುವುದನ್ನು ತೋರಿಸಿದ.

ಅವ್ವ ನೋಡಿದಳು. “ಅಷ್ಟೇನಾ?” ಎಂದು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.